ಬಾಗಿಲು ತೆರೆದಿದ್ದಾಗ ಹೇಳಿದ ಮಾತು

ಕಳೆದ ತಿಂಗಳು ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ಇಯರ್‌ಫೋನ್‌ನಲ್ಲಿ ಒಂದು ಹಳೇ ರೆಕಾರ್ಡಿಂಗ್ ಕೇಳುತ್ತಿದ್ದೆ. ಚಿಕ್ಕಂದಿನಲ್ಲಿ ಅಮೆರಿಕದಲ್ಲಿ ಗುಲಾಮರಾಗಿದ್ದ ಫೌಂಟನ್ ಹ್ಯೂಸ್ ಅನ್ನುವ ಒಬ್ಬ ಅಜ್ಜ ಮಾತಾಡುತ್ತಾರೆ. ಹುಟ್ಟಿದ್ದು ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ. ತನಗೆ ಈಗ 101 ವರ್ಷ ಅನ್ನುತ್ತಾರೆ. ತನ್ನ ಅಜ್ಜ ಥಾಮಸ್ ಜೆಫರ್ಸನ್ ಅವರ ಆಳು, ಅಂದರೆ ಅವರ ಆಸ್ತಿ ಅನ್ನುತ್ತಾರೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಅಂತ ಬರೆದನಲ್ಲ, ಅದೇ ಜೆಫರ್ಸನ್. 1949ರ ಜೂನ್ 11ರಂದು ಬಾಲ್ಟಿಮೋರ್‌ನಲ್ಲಿ ಹರ್ಮಂಡ್ ನಾರ್ವುಡ್ ಅನ್ನುವವರು ಈ ಮಾತನ್ನು ರೆಕಾರ್ಡ್ ಮಾಡಿಕೊಂಡರು. ಅದು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಯಾರು ಬೇಕಾದರೂ ಕೇಳಬಹುದು.

ಗುಲಾಮನಾಗಿದ್ದವರ ದನಿ ಅಂದಾಗ ನಾನೇನೋ ದೊಡ್ಡದನ್ನು ನಿರೀಕ್ಷಿಸಿದ್ದೆ. ಅಜ್ಜ ಶುರು ಮಾಡಿದ್ದು ಸಾಲದ ಮಾತಿನಿಂದ. ಸಾಲಕ್ಕೆ ಏನೂ ತಗೋಬೇಡ, ಬೇಕು ಅನ್ನಿಸಿದ್ದಕ್ಕೆ ದುಡ್ಡು ಕೂಡೋವರೆಗೆ ಕಾಯಿ, ಆಮೇಲೆ ನಗದು ಕೊಟ್ಟು ತಗೋ. ಇದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಾರೆ. ನಮ್ಮೂರ ಯಾವ ಅಜ್ಜನ ಮಾತು ಬೇಕಾದರೂ ಆಗಬಹುದಿತ್ತು, ಅಲ್ವಾ? ನಾನು ಸೋಪು ಹಚ್ಚುತ್ತಾ ನಗುತ್ತಿದ್ದೆ. ಆಮೇಲೆ ಅದೇ ದನಿಯಲ್ಲಿ, ಒಂದಿಷ್ಟೂ ಏರದೆ ಇಳಿಯದೆ, ಬೇರೆ ಮಾತು ಬಂತು. ಹುಡುಗರಿಗೂ ಹುಡುಗಿಯರ ಹಾಗೆ ಉದ್ದ ಅಂಗಿ ಮಾತ್ರ, ಚಡ್ಡಿ ಇರಲಿಲ್ಲ. ಹಾಸಿಗೆ ಇರಲಿಲ್ಲ, ನೆಲದ ಮೇಲೆ ಇಲ್ಲೊಂದು ಅಲ್ಲೊಂದು ಹಾಸು. ದನ, ಕುದುರೆ, ಹಂದಿ ಮಾರುವ ಹಾಗೆ ನಮ್ಮನ್ನೂ ಕಟ್ಟೆ ಮೇಲೆ ನಿಲ್ಲಿಸಿ ಹರಾಜು ಕೂಗುತ್ತಿದ್ದರು. ಆಮೇಲೆ ಹೊಗೆಸೊಪ್ಪಿನ ಮಾತು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತೆ. ರಾತ್ರಿಯೆಲ್ಲ ಸೊಪ್ಪು ಕೊಯ್ಯಿ ಅಂದರೆ ಕೊಯ್ಯಬೇಕು. ರಾತ್ರಿಯೆಲ್ಲ ನೇತುಹಾಕು ಅಂದರೆ ಹಾಕಬೇಕು. ಸುಸ್ತಾಗಿದೆ ಅಂತ ಹೇಳೋಕೂ ಭಯ. "ಅವರು ಸುಮ್ನೆ... ಹೂಂ..." ಅಂತ ದನಿ ಕರಗಿಹೋಗುತ್ತದೆ.

ಆ ಜಾಗದಲ್ಲಿ ನಾರ್ವುಡ್ ಕೇಳಿದ್ದೇನು ಗೊತ್ತಾ? ನೀವು ಬಾಲ್ಟಿಮೋರ್‌ಗೆ ಬಂದದ್ದು ಯಾವಾಗ ಅಂತ. ಅಜ್ಜ ಅದಕ್ಕೆ ಖುಷಿಯಾಗೇ ಉತ್ತರ ಕೊಡುತ್ತಾರೆ. ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡು ಹೊಡೆದರಲ್ಲ, ನಿನಗೆ ಗೊತ್ತಿರಲ್ಲ ಬಿಡು, ನೀನಿನ್ನೂ ಹುಟ್ಟಿರಲಿಲ್ಲ ಅನ್ನುತ್ತಾರೆ. 1881ರ ಮಾತು ಅದು. ಆ "ಹೂಂ" ಆದಮೇಲೆ ಏನಿತ್ತೋ ಅದು ಅಲ್ಲೇ ಉಳಿಯಿತು.

ನಾನು ನಲ್ಲಿ ನಿಲ್ಲಿಸಿದೆ. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಆ ಮೌನದ ಗುರುತು ನನಗಿತ್ತು. ಅಂಥದ್ದೇ ಒಂದು ನನ್ನ ಹತ್ತಿರವೂ ಇದೆ, ಹಳೇ ಹಾರ್ಡ್‌ಡಿಸ್ಕ್‌ನಲ್ಲಿ, 23 ನಿಮಿಷದ ಒಂದು ಫೈಲಿನೊಳಗೆ.

ಜಗಲಿ ಮೇಲೆ ನಾನು, ಮೆಟ್ಟಿಲ ಮೇಲೆ ಅವರು

2010ರಲ್ಲಿ ನನಗೆ 24 ವರ್ಷ. ಬೆಂಗಳೂರಲ್ಲಿ ಕೆಲಸ ಸಿಕ್ಕಿತ್ತು, ಮೊದಲ ಸಂಬಳದಲ್ಲಿ ಒಂದು ಪುಟ್ಟ ರೆಕಾರ್ಡರ್ ಕೊಂಡಿದ್ದೆ. ಊರಿನ ಹಳಬರ ಮಾತೆಲ್ಲ ಹಿಡಿದಿಡಬೇಕು ಅನ್ನುವ ಹುಚ್ಚು ಆಗ. ಮಂಡ್ಯದ ಕಡೆ ನಮ್ಮೂರು. ಕಬ್ಬು, ಭತ್ತ, ಆಲೆಮನೆ. ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಜೀತಕ್ಕಿದ್ದ ಒಬ್ಬರು ಆಗ ಇನ್ನೂ ಬದುಕಿದ್ದರು. 75 ದಾಟಿತ್ತು. ಅಪ್ಪ ಮಾಡಿದ 200 ರೂಪಾಯಿ ಸಾಲಕ್ಕೆ ಹನ್ನೊಂದೋ ಹನ್ನೆರಡೋ ವಯಸ್ಸಿಗೆ ಬಂದವರು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ವರ್ಷಕ್ಕೆರಡು ಜೊತೆ ಬಟ್ಟೆ, ಒಂದು ಕಂಬಳಿ, ಹೊತ್ತಿಗೆ ಮುದ್ದೆ, ಮಲಗೋದು ಕೊಟ್ಟಿಗೆಯಲ್ಲಿ. ಪ್ರತೀ ಯುಗಾದಿಗೂ ಸಾಲ ಒಂದಿಷ್ಟು ಬೆಳೆದಿರುತ್ತಿತ್ತೇ ಹೊರತು ಇಳಿದಿರುತ್ತಿರಲಿಲ್ಲ. 1976ರಲ್ಲಿ ಜೀತ ರದ್ದಾಗುವ ಕಾಯ್ದೆ ಬಂದಾಗ ಅವರಿಗೆ 40ರ ಆಸುಪಾಸು. ಆಮೇಲೂ ಅವರು ನಮ್ಮ ಮನೆಗೆ ಬರುತ್ತಲೇ ಇದ್ದರು. ಈಗ ಅದರ ಹೆಸರು ಕೂಲಿ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಅಮೆರಿಕದ ಗುಲಾಮಗಿರಿಯೂ ನಮ್ಮ ಜೀತವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಮನುಷ್ಯನೇ ಸರಕು. ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ಕೂಸೂ ಹುಟ್ಟುತ್ತಲೇ ಯಜಮಾನನ ಆಸ್ತಿ, ಮಾರಬಹುದು, ಉಯಿಲಲ್ಲಿ ಬರೆಯಬಹುದು. 1860ರ ಜನಗಣತಿಯಲ್ಲಿ ಹೀಗಿದ್ದವರು ಹತ್ತಿರ ಹತ್ತಿರ 40 ಲಕ್ಷ. ಇಲ್ಲಿ ಸಾಲ ಇತ್ತು, ಸಾಲದ ಹಿಂದೆ ಜಾತಿ ಇತ್ತು. ಬೇರೆ ಬೇರೆ ಹಗ್ಗ. ನನ್ನನ್ನು ಕಾಡುತ್ತಿರುವುದು ಹಗ್ಗ ಬಿಚ್ಚಿದ ಮೇಲಿನ ಮಾತು. ಬಿಚ್ಚಿಸಿಕೊಂಡವರು ಯಾರ ಮುಂದೆ ಏನು ಹೇಳುತ್ತಾರೆ ಅನ್ನೋದು.

ಆ ದಿನ ನಾನು ಕೂತಿದ್ದು ಜಗಲಿ ಮೇಲೆ. ಅವರು ಕೆಳಗೆ ಮೆಟ್ಟಿಲ ಮೇಲೆ. ಮೇಲೆ ಬಾ ಅಂತ ಕರೆದೆನೋ ಇಲ್ಲವೋ ನೆನಪಿಲ್ಲ, ಕರೆದಿರಲಿಕ್ಕಿಲ್ಲ. ಅವರ ಕಾಫಿ ಲೋಟ ಯಾವಾಗಲೂ ಇರುವ ಗೂಡಿನಲ್ಲೇ ಇತ್ತು, ಕುಡಿದು ತೊಳೆದು ಅವರೇ ಅಲ್ಲಿಡಬೇಕು. ತಲೆಬಾಗಿಲು ತೆಗೆದಿತ್ತು. ಒಳಗೆ ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದರು. ಇಷ್ಟೆಲ್ಲ ನನಗೆ ನೆನಪಿರುವುದು ಅವತ್ತು ಗಮನಿಸಿದ್ದರಿಂದ ಅಲ್ಲ. ನಮ್ಮ ಮನೆಯಲ್ಲಿ ದಿನವೂ ಇರುತ್ತಿದ್ದದ್ದೇ ಹಾಗೆ.

ಈಗ ಬರೆಯುವಾಗ "ಅವರು" ಅಂತ ಬರೆಯುತ್ತಿದ್ದೇನೆ. ರೆಕಾರ್ಡಿಂಗ್‌ನಲ್ಲಿ ನಾನು "ನೀನು" ಅನ್ನುತ್ತೇನೆ. 24ರ ಹುಡುಗ 75ರ ಮುದುಕರಿಗೆ. ಅವರು ನನಗೆ "ಬುದ್ದಿ" ಅನ್ನುತ್ತಾರೆ. ನಾರ್ವುಡ್ ತನ್ನ ರೆಕಾರ್ಡಿಂಗ್‌ನಲ್ಲಿ "ಅಂಕಲ್ ಫೌಂಟನ್" ಅಂತ ಕರೆಯುತ್ತಾರೆ. ನಮ್ಮ ಕಿವಿಗೆ ಅದು ಮರ್ಯಾದೆಯ ಮಾತು, ಪಕ್ಕದ ಮನೆಯವರನ್ನೂ ಹಾಗೇ ಕರೆಯುತ್ತೇವೆ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರು ವಯಸ್ಸಾದ ಕಪ್ಪು ಜನರನ್ನು ಅಂಕಲ್, ಆಂಟಿ ಅನ್ನುತ್ತಿದ್ದದ್ದು "ಮಿಸ್ಟರ್" ಅನ್ನಬಾರದು ಅಂತ. ಅವರಿಗೆ ಅಷ್ಟು ಸುತ್ತಬೇಕಾಗಿತ್ತು. ನಮಗೆ ಕನ್ನಡದ ಏಕವಚನವೇ ಸಾಕಾಯಿತು.

"ನಮ್ ತಾತ ಹೆಂಗಿದ್ರು?" ಅಂತ ಕೇಳಿದೆ. "ದೇವ್ರಂಗೆ ಬುದ್ದಿ." "ಹೊಡೀತಿದ್ರಾ?" "ಮಕ್ಳಿಗೆ ಹೊಡಿಯಾಕಿಲ್ವಾ, ಅಂಗೆ." ಹೀಗೇ ನಡೆಯಿತು. ಊಟಕ್ಕೆ ಕೊರತೆ ಇರಲಿಲ್ಲ, ಹಬ್ಬಕ್ಕೆ ಹೊಸ ಬಟ್ಟೆ, ಅವ್ವಾರ ಕೈ ದೊಡ್ಡದು. ನನಗೋ ಒಳಗೊಳಗೇ ಹಿಗ್ಗು. ಆಮೇಲೆ ಆಲೆಮನೆ ಮಾತು ಬಂತು. ಆಲೆ ಶುರುವಾದರೆ ರಾತ್ರಿಯಿಡೀ ಕೊಪ್ಪರಿಗೆ ಮುಂದೆ ಇರಬೇಕು, ಒಲೆಗೆ ರಚ್ಚು ಹಾಕುತ್ತಲೇ ಇರಬೇಕು. "ಒಂದಪ ನಿದ್ದೆ ಬಂದ್ಬುಡ್ತು ಬುದ್ದಿ. ಆಗ ನಿಮ್ ತಾತ..." ಅಂದರು. ನಿಲ್ಲಿಸಿದರು. ನಾಲ್ಕೈದು ಸೆಕೆಂಡು ಏನೂ ಇಲ್ಲ. ದೂರದಲ್ಲಿ ಒಂದು ಕೋಳಿ. "ಇರ್ಲಿ ಬುಡಿ" ಅಂದರು.

ಆಗ ನನ್ನ ದನಿ, ಚುರುಕಾಗಿ: "ಆಗ ಊರಲ್ಲಿ ಒಟ್ಟು ಎಷ್ಟು ಆಲೆಮನೆ ಇದ್ವು?"

ಒಬ್ಬ ಅಜ್ಜಿ, ಎರಡು ಕಥೆ

ಫೌಂಟನ್ ಹ್ಯೂಸ್ ಅವರದು ದನಿ ಉಳಿದಿರುವ ಕೆಲವೇ ಜನರ ಪೈಕಿ ಒಂದು. ಬರಹದಲ್ಲಿ ಉಳಿದಿರುವುದು ತುಂಬಾ ಜಾಸ್ತಿ. 1936ರಿಂದ 1938ರವರೆಗೆ, ಆರ್ಥಿಕ ಕುಸಿತದ ಕಾಲದಲ್ಲಿ, ಕೆಲಸ ಇಲ್ಲದ ಬರಹಗಾರರಿಗೆ ಸರ್ಕಾರ ಕೆಲಸ ಕೊಟ್ಟಿತು. ಆ ಯೋಜನೆಯ ಜನ 17 ರಾಜ್ಯಗಳಲ್ಲಿ ಅಲೆದು, ಹಿಂದೆ ಗುಲಾಮರಾಗಿದ್ದವರನ್ನು ಹುಡುಕಿ ಮಾತಾಡಿಸಿದರು. 2,300ಕ್ಕೂ ಹೆಚ್ಚು ಜನರ ನೆನಪು ಹೀಗೆ ಕಾಗದಕ್ಕೆ ಬಂತು. ಗುಲಾಮಗಿರಿ ಮುಗಿದು 70 ವರ್ಷ ಆಗಿಹೋಗಿತ್ತು. ಸಿಕ್ಕವರಲ್ಲಿ ಹೆಚ್ಚಿನವರಿಗೆ 80 ದಾಟಿತ್ತು, ಅಂದರೆ ಆ ಕಾಲದಲ್ಲಿ ಅವರು ಮಕ್ಕಳು.

ಓದುತ್ತಾ ಹೋದರೆ ಮೊದಲು ಗಲಿಬಿಲಿ ಆಗುತ್ತೆ. ಪುಟ ಪುಟದಲ್ಲೂ "ನಮ್ಮ ಯಜಮಾನರು ಒಳ್ಳೆಯವರು." "ಹೊಟ್ಟೆ ತುಂಬಾ ಊಟ ಇತ್ತು, ಈಗಲೇ ಇಲ್ಲ." ಇದನ್ನೇ ಹಿಡಿದುಕೊಂಡು, ನೋಡಿ ಅವರೇ ಹೇಳಿದ್ದಾರೆ, ಅಷ್ಟೇನೂ ಕೆಟ್ಟದಿರಲಿಲ್ಲ ಅನ್ನುವವರು ಇವತ್ತಿಗೂ ಇದ್ದಾರೆ. ಕೇಳೋಕೆ ಹೋದವರು ಯಾರು ಅಂತ ನೋಡಿದರೆ ಗಲಿಬಿಲಿ ಕಡಿಮೆಯಾಗುತ್ತೆ. ಹೆಚ್ಚಿನವರು ಬಿಳಿಯರು, ಅದೇ ಊರಿನವರು. ಕೆಲವು ಕಡೆ ಹಳೇ ಯಜಮಾನರ ವಂಶದವರೇ ಪುಸ್ತಕ ಪೆನ್ಸಿಲ್ ಹಿಡಿದು ಬಂದು ಕೂತಿದ್ದರು. ಮುದುಕರಿಗೆ ಅದು ಹಸಿವಿನ ಕಾಲ ಬೇರೆ. ಸರ್ಕಾರದ ಕಡೆಯಿಂದ ಯಾರೋ ಬಂದಿದ್ದಾರೆ, ಬಾಯಿಗೆ ಬಂದದ್ದು ಹೇಳಿ ಪಿಂಚಣಿ ತಪ್ಪಿಸಿಕೊಳ್ಳೋದುಂಟಾ?

ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಊರಿನ ಹೆನ್ರಿಯೆಟ್ಟಾ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದರು, ನೂರು ದಾಟಿದವರು. ಜೆಸ್ಸಿ ಬಟ್ಲರ್ ಅನ್ನುವ ಬಿಳಿಯ ಹೆಂಗಸು ಅವರನ್ನು ಹುಡುಕಿಕೊಂಡು ಹೋದರು. ಅಜ್ಜಿ ಬಾಗಿಲ ಒಳಗೆ ಮೆಟ್ಟಿಲ ಮೇಲೆ ಕೂತಿದ್ದರಂತೆ. (ಮೆಟ್ಟಿಲು ಅಂತ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.) ಬಂದವರು ನೆರವು ಕೊಡುವ ಕಚೇರಿಯವರು ಅಂತ ಅಜ್ಜಿ ಅಂದುಕೊಂಡರು. ಅದೇ ಕಚೇರಿಯಿಂದ ಹಿಂದೆ ಅವರಿಗೆ ಸಹಾಯ ಬರುತ್ತಿತ್ತು. ನಾನು ಆ ತಪ್ಪನ್ನು ತಿದ್ದಲಿಲ್ಲ ಅಂತ ಬಟ್ಲರ್ ತಾವೇ ಬರೆದುಕೊಂಡಿದ್ದಾರೆ, ಜಾಣತನ ತೋರಿಸಿದೆ ಅನ್ನುವ ಹಾಗೆ. ಅಜ್ಜಿ ಹೇಳಿದ ಕಥೆ ಚೆನ್ನಾಗಿದೆ. ಯಜಮಾನ ಫುಲರ್ ಒಳ್ಳೆಯ ಮನುಷ್ಯ, ಅವನ ಹೆಂಡತಿ ಕಡೆಯವರೂ ದೊಡ್ಡ ಜನ. ಗುಲಾಮರಿಗೆ ಒಳ್ಳೇದು ಮಾಡೋಕೇ ಅಂತ ಗುಲಾಮರನ್ನ ಇಟ್ಕೊಂಡಿದ್ರೇನೋ ಅನ್ನೋ ಹಾಗಿದ್ರು, ಅಂತಾರೆ. ಈ ಮಾತನ್ನು ನಾನು ಎಷ್ಟು ಸಲ ಓದಿದ್ದೇನೋ. ಬೇಕಂತಲೇ ಹೇಳಿದ ವ್ಯಂಗ್ಯವೋ, ಮುಗ್ಧತೆಯೋ, ಬಟ್ಲರ್‌ಗಂತೂ ಅನುಮಾನ ಬಂದ ಹಾಗಿಲ್ಲ.

ಅದೇ ಅಜ್ಜಿಯ ಹತ್ತಿರ ಅದೇ ಯೋಜನೆಯ ಅಗಸ್ಟಸ್ ಲ್ಯಾಡ್ಸನ್ ಕೂಡ ಹೋಗಿದ್ದರು. ಲ್ಯಾಡ್ಸನ್ ಕಪ್ಪು ಮನುಷ್ಯ. ಬಟ್ಲರ್ ಬರೆದದ್ದರಲ್ಲಿ ಅಜ್ಜಿಯ ಹೆಸರು ಸೂಸನ್ ಹ್ಯಾಮ್ಲಿನ್, ಲ್ಯಾಡ್ಸನ್ ಬರೆದದ್ದರಲ್ಲಿ ಸೂಸನ್ ಹ್ಯಾಮಿಲ್ಟನ್. ಹೆಸರಿನಿಂದಲೇ ಬೇರೆಯಾಗಿಬಿಡುತ್ತೆ. ಇಲ್ಲಿ ಅಜ್ಜಿ ಹೇಳೋದು ಕೇಳಿ. ಹಗಲೂ ರಾತ್ರಿಯೂ ಜನ ಕಿರುಚೋದು ಕೇಳಿಸುತ್ತಿತ್ತು. ಅಮ್ಮನನ್ನೋ ಅಣ್ಣನನ್ನೋ ಹೇಳದೆ ಕೇಳದೆ ಎಳೆದುಕೊಂಡು ಹೋಗಿ ಮಾರಿಬಿಡುತ್ತಿದ್ದರು. ಎದೆ ಒಡೆದೇ ಜನ ಸಾಯುತ್ತಿದ್ದರು. ಬಟ್ಟೆ ಒಗೆಯುತ್ತಿದ್ದ ಕ್ಲೋರಿ ಅನ್ನುವವಳು ಒಂದು ದಿನ ಯಜಮಾನಿಯನ್ನು ಎತ್ತಿ ಒಗೆಯುವ ಕೋಣೆಯಿಂದ ಆಚೆ ಎಸೆದಳು, ಅದಕ್ಕೆ ಅವಳು ತಿಂದ ಏಟಿನಂಥ ಏಟು ಅಜ್ಜಿ ಬೇರೆಲ್ಲೂ ನೋಡಲಿಲ್ಲ. ಬಿಳಿಯರಿಗೆ ನಾಚಿಕೆ ಅನ್ನೋದಿಲ್ಲ ಅಂತಲೂ ಹೇಳುತ್ತಾರೆ. ಬಿಡುಗಡೆಯ ಗುಂಡು ಹಾರಿದಾಗ ತಾನು ಮಂಡಿಯೂರಿ ನೆಲ ಉಜ್ಜುತ್ತಿದ್ದೆ ಅನ್ನುತ್ತಾರೆ.

ಎರಡರಲ್ಲಿ ಯಾವುದು ನಿಜ ಅಂತ ಕೇಳುವವರಿಗೆ ಟೆಕ್ಸಸ್‌ನ ಮಾರ್ಟಿನ್ ಜ್ಯಾಕ್ಸನ್ ಮುಂಚೆಯೇ ಉತ್ತರ ಕೊಟ್ಟಿದ್ದಾರೆ. ಅವರೂ ಗುಲಾಮರಾಗಿದ್ದವರೇ, ಇದೇ ಯೋಜನೆಯವರ ಮುಂದೆ ಮಾತಾಡಿದವರು. ಹಳೇ ಗುಲಾಮರು ಬಾಗಿಲು ಮುಚ್ಚಿಕೊಂಡು ಆಮೇಲೆ ನಿಜ ಹೇಳ್ತಾರೆ, ಬಾಗಿಲು ತೆರೆದಿದ್ದರೆ ಯಜಮಾನ ಎಷ್ಟು ಒಳ್ಳೆಯವನು, ದಿನಗಳು ಎಷ್ಟು ಚೆನ್ನಾಗಿದ್ದವು ಅಂತ ಹೇಳ್ತಾರೆ ಅಂದರು.

ಹಾಗಂತ ಬಟ್ಲರ್ ಬರೆದದ್ದು ಕಸ ಅಂತ ನನಗೆ ಅನ್ನಿಸಲ್ಲ. ಚಾರ್ಲ್ಸ್‌ಟನ್‌ನಲ್ಲಿ ಒಬ್ಬ ಬಿಳಿಯ ಹೆಂಗಸಿನ ಮುಂದೆ ನೂರು ದಾಟಿದ ಕಪ್ಪು ಅಜ್ಜಿ ಏನೇನು ನುಂಗಬೇಕಿತ್ತು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಎಲ್ಲಿ ಸಿಗುತ್ತೆ? ಲ್ಯಾಡ್ಸನ್ ಹೋಗಿರದಿದ್ದರೆ ನುಂಗಿದ್ದೇ ಗೊತ್ತಾಗುತ್ತಿರಲಿಲ್ಲ ಅಷ್ಟೆ. 2,300 ಜನರಲ್ಲಿ ಹೀಗೆ ಎರಡನೆಯವರು ಹೋದದ್ದು ಎಷ್ಟು ಕಡೆ?

ಪೀಚ್ ಹಣ್ಣು

ಬರೆದುಕೊಳ್ಳುವುದರಲ್ಲೂ ಕಿತಾಪತಿ ಇದೆ. ಈ ಯೋಜನೆಯವರು ಮುದುಕರ ಮಾತನ್ನು ಚಿತ್ರವಿಚಿತ್ರ ಕಾಗುಣಿತದಲ್ಲಿ ಬರೆದರು, ಓದುವವರಿಗೆ ತಮಾಷೆಯಾಗಲಿ ಅಂತಲೋ ಏನೋ. ಸ್ಟರ್ಲಿಂಗ್ ಬ್ರೌನ್ ಅನ್ನುವ ಕಪ್ಪು ಕವಿ ಈ ಯೋಜನೆಯಲ್ಲಿ ಸಂಪಾದಕರಾಗಿದ್ದರು. ಉಚ್ಚಾರಣೆಯನ್ನು ಅಕ್ಷರಕ್ಕಿಳಿಸೋ ಸರ್ಕಸ್ ಬೇಡ, ಮಾತಿನ ಜಾಯಮಾನ ಉಳಿಸಿ ಅಂತ ಅವರು ಸೂಚನೆ ಕಳಿಸಬೇಕಾಯಿತು. ನಾನು ಉಲ್ಟಾ ಮಾಡಿದ್ದೆ. ಆ 23 ನಿಮಿಷವನ್ನು ಬರಹಕ್ಕಿಳಿಸುವಾಗ "ಯೋಳ್ತೀನಿ" ಅಂದದ್ದನ್ನು "ಹೇಳುತ್ತೇನೆ" ಮಾಡಿದ್ದೆ. "ಬುದ್ದಿ"ಯನ್ನು ಪೂರ್ತಿ ತೆಗೆದಿದ್ದೆ. ನನಗೆ ಮುಜುಗರ ಆಗುತ್ತಿದ್ದದ್ದು ಆ ಪದವೊಂದೇ ಇರಬೇಕು. "ಇರ್ಲಿ ಬುಡಿ" ಕೂಡ ಬರಹದಲ್ಲಿ ಇಲ್ಲ. ಅದರಲ್ಲಿ ಮಾಹಿತಿ ಏನೂ ಇಲ್ಲವಲ್ಲ ಅಂದುಕೊಂಡಿದ್ದೆ.

ಕೇಳುವುದನ್ನು ಬಲ್ಲವರೂ ಇದ್ದರು. ಈ ಯೋಜನೆಗಿಂತ ಒಂಬತ್ತು ವರ್ಷ ಮೊದಲೇ, 1927ರಲ್ಲಿ, ಜೋರಾ ನೀಲ್ ಹರ್ಸ್ಟನ್ ಅನ್ನುವ ಕಪ್ಪು ಲೇಖಕಿ ಅಲಬಾಮಾಕ್ಕೆ ಹೋಗಿ ಕುಜೋ ಲೂಯಿಸ್ ಅವರನ್ನು ಮಾತಾಡಿಸಿದರು. ಹೊರಗಿನಿಂದ ಗುಲಾಮರನ್ನು ತರುವುದು 1808ರಲ್ಲೇ ನಿಷೇಧವಾಗಿದ್ದರೂ 1860ರಲ್ಲಿ ಕ್ಲೋಟಿಲ್ಡಾ ಅನ್ನುವ ಹಡಗಿನಲ್ಲಿ ಕದ್ದು ತಂದವರಲ್ಲಿ ಅವರೊಬ್ಬರು. ಆಫ್ರಿಕಾದಲ್ಲಿ ಅವರ ಹೆಸರು ಕೊಸೋಲ. ಹರ್ಸ್ಟನ್ ಆ ಹೆಸರು ಹಿಡಿದು ಕೂಗಿದಾಗ ಅಜ್ಜನ ಕಣ್ಣಲ್ಲಿ ನೀರು ಬಂತಂತೆ. ಹರ್ಸ್ಟನ್ ಒಂದು ಬುಟ್ಟಿ ಪೀಚ್ ಹಣ್ಣು ತಗೊಂಡು ಹೋಗುತ್ತಾರೆ. ಇಬ್ಬರೂ ತಿನ್ನುತ್ತಾರೆ. ಕೆಲವು ದಿನ ಅಜ್ಜ ಇವತ್ತು ಮಾತಿಲ್ಲ, ತೋಟದ ಕೆಲಸ ಇದೆ, ಹೋಗು ಅನ್ನುತ್ತಾರೆ. ಹರ್ಸ್ಟನ್ ಹೋಗುತ್ತಾರೆ. ಮತ್ತೊಂದು ದಿನ ಬರುತ್ತಾರೆ. ಫೋಟೋ ತೆಗೀತೀನಿ ಅಂದಾಗ ಅಜ್ಜ ಒಳಗೆ ಹೋಗಿ ಇದ್ದುದರಲ್ಲೇ ಒಳ್ಳೇ ಸೂಟ್ ಹಾಕಿಕೊಂಡು ಬಂದರು, ಕಾಲಿನ ಶೂ ಮಾತ್ರ ಬಿಚ್ಚಿಟ್ಟಿದ್ದರು. ಆಫ್ರಿಕಾದಲ್ಲಿದ್ದ ಹಾಗೆ ಕಾಣಬೇಕು, ನನಗೆ ಇರಬೇಕಾದದ್ದು ಅಲ್ಲೇ ಅಂದರು. ಸಮಾಧಿಗಳ ನಡುವೆ ನಿಂತು ತೆಗೆಸಿಕೊಂಡರು, ಹೆಂಡತಿ ಮಕ್ಕಳೆಲ್ಲ ಮಲಗಿದ್ದ ಜಾಗ ಅದು. ಹರ್ಸ್ಟನ್ ಅಜ್ಜನ ಮಾತನ್ನು ಅಜ್ಜನ ಭಾಷೆಯಲ್ಲೇ ಬರೆದರು. ಇದನ್ನು ಸರಿಯಾದ ಇಂಗ್ಲಿಷಿಗೆ ತನ್ನಿ ಅಂದ ಪ್ರಕಾಶಕರ ಮಾತಿಗೆ ಅವರು ಒಪ್ಪಲಿಲ್ಲ. ಪುಸ್ತಕ ಬಂದದ್ದು 2018ರಲ್ಲಿ.

ನಾನು ಆ ಮೆಟ್ಟಿಲ ಹತ್ತಿರ ಕೂತಿದ್ದು ಒಂದೇ ಮಧ್ಯಾಹ್ನ. ಏನೂ ತಗೊಂಡು ಹೋಗಿರಲಿಲ್ಲ. ಹೋಗು ಅನ್ನುವ ಅವಕಾಶವೂ ಅವರಿಗಿರಲಿಲ್ಲ, ಕೂತಿದ್ದದ್ದು ನಮ್ಮ ಮನೆಯಲ್ಲಿ.

ನೋಟ್‌ಬುಕ್ಕು

ಅವರು ತೀರಿಕೊಂಡು ಎಂಟು ವರ್ಷ ಆಯಿತು. ಅವರ ಮೊಮ್ಮಗಳು ಈಗ ಟೀಚರ್. ಎರಡು ವರ್ಷದ ಹಿಂದೆ ಊರ ಬಸ್‌ಸ್ಟಾಂಡಲ್ಲಿ ಸಿಕ್ಕಿದ್ದರು. ಮಾತಿಗೆ ಮಾತು ಬಂದು, ನಿಮ್ಮ ತಾತನ ಮಾತು ನನ್ನ ಹತ್ತಿರ ರೆಕಾರ್ಡ್ ಇದೆ ಅಂದೆ, ಸ್ವಲ್ಪ ಜಂಬದಿಂದಲೇ. ತಾನೂ ಕಾಲೇಜಲ್ಲಿದ್ದಾಗ ತಾತನ ಕಥೆಯನ್ನು ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟುಕೊಂಡಿದ್ದೇನೆ ಅಂದರು. ರಾತ್ರಿ ಊಟ ಆದ ಮೇಲೆ, ದಿನಕ್ಕಿಷ್ಟು ಅಂತ. ನನಗೆ ಆಸೆಯಾಯಿತು. ಓದೋಕೆ ಕೊಡ್ತೀರಾ ಅಂದೆ. "ಇಲ್ಲ. ಅದು ನಮ್ಮನೇದು" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಆಲೆಮನೆ ವಿಷಯ ಅದರಲ್ಲಿದೆಯಾ ಅಂತ ಕೇಳಿದೆ. ನನ್ನ ಮುಖ ನೋಡಿದರು. "ಇದೆ" ಅಂದರು. ಅಷ್ಟರಲ್ಲಿ ಅವರ ಬಸ್ಸು ಬಂತು.

ಆಗ ನನಗೆ ಬೇಜಾರಾಗಿತ್ತು, ಒಪ್ಪಿಕೊಳ್ಳುತ್ತೇನೆ. ನನ್ನದೇ ತಾತನ ಕಥೆ ಅಲ್ವಾ ಅದು, ನನಗೇ ಯಾಕಿಲ್ಲ ಅನ್ನಿಸಿತ್ತು. ಈಗ ಫೌಂಟನ್ ಹ್ಯೂಸ್ ಕೇಳಿದ ಮೇಲೆ ಅವರ ನಂಬರ್ ಹುಡುಕಿ ಮೆಸೇಜ್ ಹಾಕಿದೆ. ನೋಟ್‌ಬುಕ್ಕಿನ ಮಾತೆತ್ತಲಿಲ್ಲ. ರೆಕಾರ್ಡಿಂಗ್ ಬೇಕಾ ಅಂತಷ್ಟೇ ಕೇಳಿದೆ. ಮಾರನೇ ದಿನ ಉತ್ತರ ಬಂತು. "ಕಳಿಸಿ. ತಾತನ ದನಿ ನಮ್ಮ ಹತ್ತಿರ ಇಲ್ಲ. ಅಮ್ಮ ಕೇಳಬೇಕು ಅಂತಾರೆ."

ಕಳಿಸಿದೆ. ಎರಡು ದಿನ ಏನೂ ಇಲ್ಲ. ಮೂರನೇ ದಿನ ಒಂದೇ ಸಾಲು: "ಕೊನೇಲಿ ಕೂಗೋದು ಯಾರು?"

ಕೂಗಾ? ನನಗೆ ನೆನಪಿದ್ದ ಹಾಗೆ ಅವತ್ತು ರೆಕಾರ್ಡರಿನ ಬ್ಯಾಟರಿ ಮುಗಿದು ಮಾತು ನಿಂತಿತ್ತು. ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಇಯರ್‌ಫೋನ್ ಹಾಕಿಕೊಂಡು ಕೊನೇ ನಿಮಿಷ ಕೇಳಿದೆ. ನಾನು ಏನೋ ಕೇಳುತ್ತಿದ್ದೇನೆ, ಅವರು ಉತ್ತರ ಶುರು ಮಾಡಿದ್ದಾರೆ. ಹಿಂದೆ, ಒಳಗಿನಿಂದ, ಅಜ್ಜಿಯ ದನಿ. ಅವರ ಹೆಸರು ಹಿಡಿದು, ಹಸುಗೆ ನೀರು ತೋರ್ಸಿಲ್ವೇನೋ ಇನ್ನೂ, ಅಂತ. "ಬಂದೆ ಅವ್ವಾರೇ" ಅನ್ನುತ್ತಾರೆ. ಮೆಟ್ಟಿಲಿಂದ ಏಳುವಾಗ ಮಂಡಿ ನೋವಿಗೆ ಒಂದು ಸಣ್ಣ "ಅಪ್ಪಾ." ಕಾಫಿ ಲೋಟ ಗೂಡಿನಲ್ಲಿಟ್ಟ ಸದ್ದು. ಆಮೇಲೆ ನಾನು ಬಟನ್ ಒತ್ತಿದ್ದು.